ಮಲೆನಾಡಿನ ಬೆಳೆಯೂ ಹವಾಗುಣದ ಗಣಿತವೂ

(ಉಪನ್ಯಾಸ)



ದಾಸೋಹದ ಭಂಡಾರಕ್ಕೆ ಬಂದು ಸೇರುವ ಅಕ್ಕಿಯ ಮೂಟೆಯಾಗಲಿ, ಮಲೆಯ ಸೀಮೆಯ ಭಕ್ತರು ತಂದೊಪ್ಪಿಸುವ ಅಡಕೆ, ಮೆಣಸು, ಏಲಕ್ಕಿಗಳಾಗಲಿ, ಮಳೆಯ ಋಣದಿಂದಲೇ ಬಂದುವೆಂಬುದನ್ನು ಒಕ್ಕಲುತನದ ಕಾಯಕದಲ್ಲಿ ಬೆಳೆದವರಿಗೆ ಬೋಧಿಸಬೇಕಾದುದಿಲ್ಲ. ಇಂಥ ನಕ್ಷತ್ರದ ಮಳೆಗೆ ಬಿತ್ತನೆ, ಇಂಥ ನಕ್ಷತ್ರದ ಮಳೆಗೆ ನಾಟಿ ಎಂದು ಹಿರಿಯರು ಕಟ್ಟಿಟ್ಟ ಲೆಕ್ಕವು ನೂರಾರು ವರ್ಷಗಳ ಅನುಭವದ ಫಲವಾಗಿರುತ್ತದೆ. ಆ ಲೆಕ್ಕದ ಒಳಗೆ ಒಂದು ನಂಬಿಕೆ ಅಡಗಿದೆ: ತಾತನ ಕಾಲದಲ್ಲಿ ಬಿದ್ದ ಮಳೆಯೇ ಮೊಮ್ಮಗನ ಕಾಲದಲ್ಲಿಯೂ ಬೀಳುವುದು, ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಮೆ, ಒಟ್ಟಿನಲ್ಲಿ ಅಳತೆ ತಪ್ಪದು ಎಂಬುದೇ ಆ ನಂಬಿಕೆ. ಇಂದು ಸಡಿಲವಾಗಿರುವುದು ಅದೇ.

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವಿಮರ್ಶೆಯಂತೆ, 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿಯಷ್ಟು ಏರಿತು. 1951ರಿಂದ 2015ರವರೆಗೆ ಮುಂಗಾರು ಮಳೆ ಸುಮಾರು ನೂರಕ್ಕೆ 6ರಷ್ಟು ಕುಗ್ಗಿತು. ಈ ಕುಗ್ಗುವಿಕೆ ಎದ್ದು ಕಂಡ ಎಡೆಗಳು ಎರಡು. ಒಂದು ಗಂಗಾನದಿಯ ಬಯಲು, ಮತ್ತೊಂದು ನಮ್ಮ ಪಶ್ಚಿಮ ಘಟ್ಟ. ಘಟ್ಟದ ಮಳೆಯೆಂದರೆ ಘಟ್ಟದವರ ಮಾತ್ರದ ಸೊತ್ತಲ್ಲ. ತುಂಗೆ, ಭದ್ರೆ, ಕಾವೇರಿ, ಹೇಮಾವತಿಗಳು ಅಲ್ಲಿ ಹುಟ್ಟಿ ಬಯಲುಸೀಮೆಯ ಗದ್ದೆಗಳನ್ನು ನೆನೆಸುತ್ತವೆ.

ರಾಗಿ, ಜೋಳ ಮುಂತಾದ ವರ್ಷದ ಬೆಳೆಯನ್ನು ಈ ಸಲ ತಪ್ಪಿ ಬಿತ್ತಿದವನು ಮುಂದಿನ ಸಲ ತಿದ್ದಿಕೊಳ್ಳಬಹುದು. ಕಾಫಿಯ ಗಿಡ, ಅಡಕೆಯ ಸಸಿ ನೆಟ್ಟವನಿಗೆ ಆ ಸೌಲಭ್ಯವಿಲ್ಲ. ಅವನು ಇಂದು ನೆಟ್ಟುದನ್ನು ಅವನ ಮಗ ಕೊಯ್ಯುತ್ತಾನೆ, ಮೊಮ್ಮಗ ನೋಡಿಕೊಳ್ಳುತ್ತಾನೆ. ಆದಕಾರಣ ಮೂವತ್ತು ನಲವತ್ತು ವರ್ಷಗಳ ಮುಂದಿನ ಹವಾಗುಣ ಹೇಗಿದ್ದೀತೆಂಬ ಪ್ರಶ್ನೆ ಮಲೆನಾಡಿನ ಒಕ್ಕಲಿಗನಿಗೆ ಪಾಂಡಿತ್ಯದ ವಿಷಯವಾಗಿರದೆ ಮನೆಯ ವಿಷಯವಾಗಿದೆ. ಅದಕ್ಕೆ ಉತ್ತರ ಕೊಡಲು ಶಾಸ್ತ್ರಜ್ಞರು ಕಟ್ಟಿರುವ ಸಾಧನವೇ ಪ್ರಾಂತೀಯ ಹವಾಗುಣದ ಮಾದರಿ. ಅದು ಏನು, ಬೆಟ್ಟಗಾಡಿನಲ್ಲಿ ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿಯ ವಿಚಾರ.

ಮಾದರಿಯೆಂದೊಡನೆ ಮಣ್ಣಿನಿಂದಲೋ ಮರದಿಂದಲೋ ಮಾಡಿದ ಗೊಂಬೆಯೆಂದು ಯಾರೂ ಭಾವಿಸಬಾರದು. ಇದು ಪೂರ್ತಿಯಾಗಿ ಲೆಕ್ಕದ ವಸ್ತು. ಗಾಳಿ ಬೀಸುವುದಕ್ಕೆ, ಆವಿ ಮೋಡವಾಗುವುದಕ್ಕೆ, ನೆಲ ಕಾದು ಆರುವುದಕ್ಕೆ ಪ್ರಕೃತಿಯಲ್ಲಿ ನಿಯಮಗಳುಂಟು; ಅವನ್ನು ಸಮೀಕರಣಗಳಾಗಿ ಬರೆಯಬಹುದು. ಈಗಿನ ಗಾಳಿಯ ಸ್ಥಿತಿ ತಿಳಿದಿದ್ದರೆ ಒಂದು ಗಳಿಗೆಯ ಅನಂತರದ ಸ್ಥಿತಿಯನ್ನು ಗುಣಿಸಿ ತೆಗೆಯಬಹುದು. ಇದನ್ನು ಮೊತ್ತಮೊದಲು ಕೈಯಿಂದಲೇ ಮಾಡಿ ನೋಡಿದ ಸಾಹಸಿ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಆತನು ಕ್ವೇಕರ್ ಪಂಥದವನು, ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದವನು. ಒಂದನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಬಂಡಿ ನಡೆಸುತ್ತಾ, ಬಿಡುವಾದಾಗ ಕುಳಿತು, 1910ನೆಯ ಮೇ 20ರ ದಿನದ ಹವೆಯನ್ನು ಗುಣಿಸತೊಡಗಿದನು. ಆ ಕೈಬರೆಹವು 1917ರ ಕದನದಲ್ಲಿ ಕಳೆದುಹೋಗಿ, ಕೆಲವು ತಿಂಗಳುಗಳಾದ ಮೇಲೆ ಬೆಲ್ಜಿಯಂ ದೇಶದಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತಂತೆ! ಇಷ್ಟು ಪಾಡುಪಟ್ಟು ಸಿಕ್ಕ ಫಲವಾದರೂ ಏನು? ಆರು ಗಂಟೆಗಳಲ್ಲಿ ಗಾಳಿಯ ಒತ್ತಡ 145 ಮಿಲಿಬಾರಿನಷ್ಟು ಏರುವುದೆಂದು ಲೆಕ್ಕ ಬಂದಿತು. ವಾಸ್ತವವಾಗಿ ಅಂದು ಒತ್ತಡ ಕದಲಿರಲೇ ಇಲ್ಲವೆನ್ನಬಹುದು. ರಿಚರ್ಡ್‌ಸನ್ ಈ ತಪ್ಪನ್ನು ಮುಚ್ಚಿಡಲಿಲ್ಲ. 1922ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅದನ್ನು ಇದ್ದಂತೆಯೇ ಬರೆದು, ಲೋಕದ ಹವೆಯನ್ನು ಹವೆಯ ವೇಗದಲ್ಲಿಯೇ ಗುಣಿಸಬೇಕಾದರೆ 64,000 ಮಂದಿ ಗಣಿತಗಾರರು ಒಂದು ಮಹಾಸಭಾಂಗಣದಲ್ಲಿ ಕುಳಿತು ಲೆಕ್ಕ ಮಾಡಬೇಕಾದೀತೆಂದು ಕಲ್ಪಿಸಿದನು. ತನ್ನ ಸೋಲನ್ನು ಅಂಕಿಸಹಿತವಾಗಿ ಲೋಕಕ್ಕೆ ಒಪ್ಪಿಸಿದ ಇಂಥವರು ವಿರಳ.

ಆ ಸಭಾಂಗಣದ ಸ್ಥಾನಕ್ಕೆ ಗಣಕಯಂತ್ರ ಬಂದಿತು. 1950ರಲ್ಲಿ ಅಮೆರಿಕದಲ್ಲಿ ಚಾರ್ನಿ, ಫಾನ್ ನಾಯ್ಮನ್ ಮೊದಲಾದವರು ಯಂತ್ರದಿಂದ ಮೊದಲ ಹವಾ ಮುನ್ಸೂಚನೆ ತೆಗೆದರು. 1967ರಲ್ಲಿ ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಸ್ಯುಕುರೊ ಮನಾಬೆ ತನ್ನ ಸಹೋದ್ಯೋಗಿಯೊಡನೆ, ಗಾಳಿಯಲ್ಲಿನ ಇಂಗಾಲಾಮ್ಲ ಇಮ್ಮಡಿಯಾದರೆ ಭೂಮಿ ಎರಡು ಡಿಗ್ರಿಗೂ ಮಿಕ್ಕು ಕಾಯುವುದೆಂದು ತೋರಿಸಿದನು. ಆತನಿಗೆ ನೊಬೆಲ್ ಬಹುಮಾನ ಬಂದುದು 2021ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ.

ಇಂಥ ಮಾದರಿಗಳಲ್ಲಿ ಇಡೀ ಭೂಗೋಲವನ್ನು ಚೌಕಗಳಾಗಿ ಕೊಯ್ದು, ಒಂದೊಂದು ಚೌಕಕ್ಕೆ ಒಂದೇ ಉಷ್ಣತೆ, ಒಂದೇ ಮಳೆ, ಒಂದೇ ಎತ್ತರವನ್ನು ಇಟ್ಟುಕೊಳ್ಳುತ್ತಾರೆ. ಹಳೆಯ ಭೂಗೋಲ ಮಾದರಿಗಳಲ್ಲಿ ಚೌಕದ ಒಂದು ಮಗ್ಗುಲು 200ರಿಂದ 300 ಕಿಲೋಮೀಟರು. ಸಮುದ್ರದ ಮೇಲೆ, ಮರುಭೂಮಿಯ ಮೇಲೆ ಇದು ಹೇಗೋ ನಡೆದೀತು. ಆದರೆ ಅಂಥದೊಂದು ಚೌಕವನ್ನು ಮಂಗಳೂರಿನಿಂದ ಮೈಸೂರಿನವರೆಗೆ ಹಾಸಿ ನೋಡಿರಿ. ಕಡಲ ತೀರ, ಕೊಡಗಿನ ಮಲೆ, ಮೈಸೂರಿನ ಬಯಲು ಮೂರೂ ಒಂದರಲ್ಲಿಯೇ ಅಡಕವಾದುವು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ, ಮೈಸೂರಿನಲ್ಲಿ 800ರ ಆಸುಪಾಸು. ಬಡಗಲಿಗೆ ಹೋದರೆ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಮಿಕ್ಕಿದ್ದು, ಅಲ್ಲಿಂದ ಮೂಡಣಕ್ಕೆ ಒಂದು ಹಗಲಿನ ಪ್ರಯಾಣದ ಚಿತ್ರದುರ್ಗದ ಸೀಮೆಯಲ್ಲಿ 600ನ್ನು ಮುಟ್ಟುವುದೂ ಕಷ್ಟ. ಇವೆಲ್ಲವನ್ನೂ ಕೂಡಿಸಿ ಭಾಗಿಸಿದ ಒಂದು ಅಂಕೆ ಯಾವ ಊರಿಗೆ ಸಂದೀತು? ದೊಡ್ಡ ಕಣ್ಣಿನ ಜರಡಿಯಲ್ಲಿ ರಾಗಿ ಹಿಡಿಯಹೋದಂತೆ ಆಯಿತು.

ಈ ತೊಡಕನ್ನು ಬಿಡಿಸುವುದಕ್ಕಾಗಿ ಹೊರಟ ಉಪಾಯವೇ ಪ್ರಾಂತೀಯ ಮಾದರಿ. ಅದು ಹುಟ್ಟಿದುದೇ ಬೆಟ್ಟಗಾಡಿನ ನಿಮಿತ್ತವಾಗಿ ಎಂಬುದು ಗಮನಿಸತಕ್ಕ ಸಂಗತಿ. 1989ರ ಸುಮಾರಿಗೆ ಅಮೆರಿಕದ ಬೋಲ್ಡರ್ ನಗರದ ರಾಷ್ಟ್ರೀಯ ವಾಯುಮಂಡಲ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಡಿಕಿನ್‌ಸನ್, ಇಟಲಿಯ ಫಿಲಿಪ್ಪೊ ಜಾರ್ಜಿ ಮೊದಲಾದವರು ಆ ದೇಶದ ಪಡುವಣ ಪರ್ವತಪ್ರಾಂತದ ಹವೆಯನ್ನು 60 ಕಿಲೋಮೀಟರಿನ ಚೌಕಗಳಲ್ಲಿ ಗುಣಿಸಿದರು. ಯುಕ್ತಿ ಇಷ್ಟೆ: ಭೂಗೋಲ ಮಾದರಿಯು ದೂರದ ಸಮುದ್ರ, ದೂರದ ಗಾಳಿಗಳ ಸ್ಥಿತಿಯನ್ನು ಆರಾರು ಗಂಟೆಗಳಿಗೊಮ್ಮೆ ಪ್ರಾಂತದ ಎಲ್ಲೆಯಲ್ಲಿ ತಂದೊಪ್ಪಿಸುತ್ತದೆ, ಎಲ್ಲೆಯ ಒಳಗೆ ಚಿಕ್ಕ ಚೌಕಗಳ ಮಾದರಿಯು ಒಂದೆರಡು ನಿಮಿಷಗಳಿಗೊಮ್ಮೆ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತದೆ. ಕೆರೆಯ ತೂಬಿನಿಂದ ಬಂದ ನೀರನ್ನು ಗದ್ದೆಯವನು ಮಡಿಮಡಿಗೆ ಹಂಚಿದಂತೆಯೇ ಸರಿ. ತೂಬಿನಲ್ಲಿ ಬಂದ ನೀರು ಕೆಸರಾಗಿದ್ದರೆ ಮಡಿಗೆ ತಿಳಿನೀರು ಬರಲಾರದು ಎಂಬ ಮಾತೂ ಅದರಲ್ಲಿಯೇ ಸೇರಿತು. ಭೂಗೋಲ ಮಾದರಿಯು ಮುಂಗಾರಿನ ಗಾಳಿಯನ್ನೇ ತಪ್ಪಾಗಿ ಕಳುಹಿಸಿದರೆ, ಪ್ರಾಂತೀಯ ಮಾದರಿ ಎಷ್ಟು ಸೂಕ್ಷ್ಮವಾಗಿದ್ದರೂ ಆ ತಪ್ಪನ್ನು ಸೂಕ್ಷ್ಮವಾಗಿ ಹಂಚುವುದೇ ಹೊರತು ಕಳೆಯಲಾರದು.

ಜಾರ್ಜಿಯ ಮಾದರಿ ತರುವಾಯ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ, ಅಬ್ದುಸ್ ಸಲಾಮ್ 1964ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಬೆಳೆಯಿತು. ಬಡ ದೇಶಗಳ ಶಾಸ್ತ್ರಜ್ಞರಿಗೂ ಅದು ಬೆಲೆಯಿಲ್ಲದೆ ದೊರೆಯುತ್ತದೆ. ಇಂಗ್ಲೆಂಡಿನ ಹ್ಯಾಡ್ಲಿ ಕೇಂದ್ರದವರು ಪ್ರೆಸಿಸ್ ಎಂಬ ಮತ್ತೊಂದನ್ನು ಕಟ್ಟಿದರು. ಪುಣೆಯ ಉಷ್ಣವಲಯ ಹವಾಶಾಸ್ತ್ರ ಸಂಸ್ಥೆಯವರು ಅದನ್ನು ಹಿಂದೂಸ್ಥಾನಕ್ಕೆ ಅನ್ವಯಿಸಿ 50 ಕಿಲೋಮೀಟರಿನ ಚೌಕಗಳಲ್ಲಿ ಮುಂದಿನ ಕಾಲದ ಉಷ್ಣತೆಯನ್ನೂ ಮಳೆಯನ್ನೂ ತೆಗೆದರು. 2009ರಲ್ಲಿ ಪ್ರಾರಂಭವಾದ ಕಾರ್ಡೆಕ್ಸ್ ಎಂಬ ಅಂತರರಾಷ್ಟ್ರೀಯ ಕಾರ್ಯದಲ್ಲಿ ಬೇರೆಬೇರೆ ದೇಶದ ಮಾದರಿಗಳನ್ನು ಒಂದೇ ಪ್ರಾಂತದ ಮೇಲೆ ಓಡಿಸಿ ತಾಳೆ ನೋಡುತ್ತಾರೆ. ದಕ್ಷಿಣ ಏಷ್ಯಾಕ್ಕೆ ಮೊದಲು 50, ಆಮೇಲೆ 25 ಕಿಲೋಮೀಟರು.

ಐವತ್ತು ಕಿಲೋಮೀಟರು ಸಾಕೇ? ಬಯಲಿಗೆ ಸಾಕೆಂದಿಟ್ಟುಕೊಳ್ಳೋಣ. ಮಲೆನಾಡಿನಲ್ಲಿ ಆ ಚೌಕದೊಳಗೆ ಏನೇನು ಬರುವುದೆಂಬುದನ್ನು ಎಣಿಸಿರಿ. ಚಿಕ್ಕಮಗಳೂರಿನ ಸುತ್ತಣ ಒಂದು ಚೌಕದಲ್ಲಿ 1,900 ಮೀಟರಿಗೂ ಎತ್ತರವಾದ ಮುಳ್ಳಯ್ಯನಗಿರಿಯೂ ಉಂಟು, ಅದರ ತಪ್ಪಲಿನ ಗದ್ದೆಬಯಲೂ ಉಂಟು. ಮಾದರಿಗೆ ಇವೆರಡೂ ಕಾಣುವುದಿಲ್ಲ. ಕಲ್ಲುಗುಂಡುಗಳ ರಾಶಿಯ ಮೇಲೆ ದಪ್ಪ ಕಂಬಳಿ ಹೊದಿಸಿದರೆ ಮೇಲಣಿಂದ ಹೇಗೆ ಕಾಣುವುದೋ ಹಾಗೆ ನುಣುಪಾದ ಒಂದು ದಿಬ್ಬ ಮಾತ್ರ ಕಾಣುವುದು. ಆ ದಿಬ್ಬದ ಎತ್ತರ 700 ಮೀಟರೆಂದು ಭಾವಿಸೋಣ. ಒಬ್ಬನ ತೋಟ 1,200 ಮೀಟರಿನಲ್ಲಿದೆ. ಮೇಲಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಂಪಾಗುವುದಷ್ಟೆ. ಆ ಲೆಕ್ಕದಲ್ಲಿ ಅವನ ತೋಟವು ಮಾದರಿ ಹೇಳುವುದಕ್ಕಿಂತ 3 ಡಿಗ್ರಿಗೂ ಹೆಚ್ಚು ತಂಪಾಗಿರಬೇಕು. ಇದು ಅಲ್ಪ ವ್ಯತ್ಯಾಸವೆಂದು ತಳ್ಳಿಬಿಡುವಂತಿಲ್ಲ. ಅರೇಬಿಕ ಕಾಫಿಗೆ ಹಿತವಾದುದು 15ರಿಂದ 25 ಡಿಗ್ರಿಯ ಹವೆ, 1,000ದಿಂದ 1,500 ಮೀಟರಿನ ಎತ್ತರ. ರೊಬಸ್ಟಕ್ಕೆ 20ರಿಂದ 30 ಡಿಗ್ರಿ, 500ರಿಂದ 1,000 ಮೀಟರು. ಚೌಕದ ಅಂಕೆಯನ್ನೇ ಹಿಡಿದು ಹೊರಟವನು ಅರೇಬಿಕದ ತೋಟವನ್ನು ರೊಬಸ್ಟದ ತೋಟವೆಂದು ತಿಳಿದು, ಚೆನ್ನಾಗಿರುವ ಗಿಡಗಳನ್ನು ಕೀಳಿಸಿಬಿಟ್ಟಾನು! ಎತ್ತರದ ಈ ತಿದ್ದುಪಾಟು ಸುಲಭವಾದುದು, ಶಾಸ್ತ್ರಜ್ಞರು ಮಾಡಿಕೊಳ್ಳುತ್ತಾರೆ. ಆದರೆ ನಕ್ಷೆಯ ಬಣ್ಣವನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುವವರು ಮಾಡಿಕೊಳ್ಳುವುದಿಲ್ಲ.

ಮಳೆಯ ತಿದ್ದುಪಾಟು ಅಷ್ಟು ಸುಲಭವಲ್ಲ. ಪಡುವಣ ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಬಡಿದು, ಮೇಲೇರಿ, ತಣಿದು, ಪಡುವಣ ಮಗ್ಗುಲಲ್ಲಿ ಸುರಿಯುತ್ತದೆ. ಮೂಡಣ ಮಗ್ಗುಲಲ್ಲಿ ಇಳಿಯುವಾಗ ಕಾದು ಒಣಗುತ್ತದೆ. ಘಟ್ಟದ ಗೋಡೆ ಕಡಿದಾಗಿರುವುದರಿಂದಲೇ ಆಗುಂಬೆಗೆ ಆ ಮಳೆ. ಮಾದರಿಯಲ್ಲಿ ಗೋಡೆ ಸವೆದು ಇಳಿಜಾರಾಗಿರುವುದರಿಂದ ಶಿಖರದ ಮಳೆ ಕುಗ್ಗಿ ಕಾಣುವುದು, ಮಳೆಯ ನೆರಳಿನ ನಾಡಿಗೆ ಇಲ್ಲದ ಮಳೆ ದಾಟಿಬಂದಂತೆ ತೋರುವುದು. ಇದರ ಜೊತೆಗೆ ಮತ್ತೊಂದು ದೋಷ. ಗುಡುಗಿನ ಮೋಡವೊಂದರ ಅಗಲ ಕೆಲವೇ ಕಿಲೋಮೀಟರು. ಅದು 50 ಕಿಲೋಮೀಟರಿನ ಚೌಕದೊಳಗೆ ಮರೆಯಾಗಿಹೋಗುವುದರಿಂದ ಮಾದರಿಯು ಅದನ್ನು ಕಂಡು ಗುಣಿಸಲಾರದೆ ಅಂದಾಜಿನ ಸೂತ್ರದಿಂದ ತುಂಬಿಕೊಳ್ಳುತ್ತದೆ. ಈ ಸೂತ್ರಗಳಿಗೆ ಜಿನುಗುಮಳೆಯ ಮೇಲೆ ಮೋಹ ಹೆಚ್ಚು. ಒಂದೇ ಸಂಜೆ ಆರ್ಭಟಿಸಿ ಸುರಿದು ಹೋಗಬೇಕಾದುದನ್ನು ಹತ್ತು ದಿನ ಸೋನೆಯಾಗಿ ಸುರಿಸಿಬಿಡುತ್ತವೆ.

ತಿಂಗಳ ಮೊತ್ತ ಸರಿಯಾಗಿದ್ದರೆ ಆಯಿತಲ್ಲ ಎಂದು ಕೇಳಬಹುದು. ಕಾಫಿಯನ್ನು ಬಲ್ಲವರು ಹಾಗೆ ಕೇಳಲಾರರು. ಬೇಸಗೆಯಲ್ಲಿ ಕಾಫಿಯ ಮೊಗ್ಗುಗಳು ಒಣಹವೆಯಲ್ಲಿ ನಿದ್ದೆಹೋದಂತೆ ಕಾದಿರುತ್ತವೆ. ಮಾರ್ಚಿ ಏಪ್ರಿಲುಗಳಲ್ಲಿ, ರೇವತಿಯ ಮಳೆಯ ಆಸುಪಾಸಿನಲ್ಲಿ, 25ರಿಂದ 40 ಮಿಲಿಮೀಟರಿನಷ್ಟು ಹೂಮಳೆ ಒಮ್ಮೆಗೇ ಬೀಳಬೇಕು. ಬಿದ್ದು ಎಂಟು ಹತ್ತು ದಿನಗಳಿಗೆ ತೋಟವೆಲ್ಲ ಮಲ್ಲಿಗೆಯ ಪರಿಮಳದಿಂದ ಬೆಳ್ಳಗಾಗುವುದು. ಎರಡು ಮೂರು ವಾರಗಳೊಳಗೆ ಅದನ್ನು ಹಿಂಬಾಲಿಸಿ ಮತ್ತೊಂದು ಮಳೆ ಬರಬೇಕು. ಹೂವು ಅರಳಿದ ದಿನವೇ ಬಂದರೂ ಕೇಡು. ಈಗ ಲೆಕ್ಕವನ್ನು ನೋಡಿರಿ: ಮಾರ್ಚಿಯಲ್ಲಿ ಒಂದು ದಿನ 30 ಮಿಲಿಮೀಟರು ಬಿದ್ದರೂ ಮೊತ್ತ 30, ಹತ್ತು ದಿನ ಮೂರು ಮೂರು ಬಿದ್ದರೂ ಮೊತ್ತ 30. ಮೊದಲನೆಯದರಲ್ಲಿ ಬೆಳೆ ಉಂಟು, ಎರಡನೆಯದರಲ್ಲಿ ಮೊಗ್ಗು ಅರೆ ಅರಳಿ ಬಾಡಿತು. ಮಾದರಿಯ ಪುಸ್ತಕದಲ್ಲಿ ಎರಡೂ ಒಂದೇ ಸಾಲು.

ಇದೇ ದೋಷವು ಅಡಕೆಯ ವಿಷಯದಲ್ಲಿ ತಿರುವುಮುರುವಾಗಿ ಕೆಲಸಮಾಡುವುದು. ಬಿಡುವಿಲ್ಲದ ತೇವವೇ ಅಡಕೆಯ ಕೊಳೆರೋಗಕ್ಕೆ ತಾಯಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ನನು 1910ರಷ್ಟು ಹಿಂದೆಯೇ ಈ ರೋಗದ ಮೂಲವನ್ನು ವಿವರಿಸಿ, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದನು. ಸೋನೆಯ ದಿನಗಳನ್ನು ಇದ್ದುದಕ್ಕಿಂತ ಹೆಚ್ಚಾಗಿ ಎಣಿಸುವ ಮಾದರಿಯನ್ನು ನಂಬಿದರೆ ಕೊಳೆರೋಗದ ಭಯ ಇಲ್ಲದೆಡೆಯಲ್ಲಿಯೂ ಇದ್ದಂತೆ ಕಂಡೀತು. ಒಂದೇ ತಪ್ಪು ಕಾಫಿಯ ಪುಸ್ತಕದಲ್ಲಿ ಒಂದು ಬಗೆಯ ಸುಳ್ಳನ್ನೂ, ಬೇಲಿಯಾಚೆಯ ಅಡಕೆಯ ಪುಸ್ತಕದಲ್ಲಿ ಬೇರೊಂದು ಬಗೆಯ ಸುಳ್ಳನ್ನೂ ಬರೆಯುತ್ತದೆ.

ತಪ್ಪನ್ನು ತಿದ್ದುವ ಕ್ರಮಗಳಿಲ್ಲವೆಂದಲ್ಲ. ಕಳೆದ ಮೂವತ್ತು ವರ್ಷಗಳ ಕಾಲಕ್ಕೆ ಮಾದರಿಯನ್ನು ಓಡಿಸಿ, ಅದು ಹೇಳಿದ ಮಳೆಯನ್ನು ನಿಜವಾಗಿ ಅಳೆದ ಮಳೆಯೊಡನೆ ಹೋಲಿಸಿ, ಎಷ್ಟು ಓರೆಯಿದೆಯೆಂದು ತಿಳಿದು, ಮುಂದಿನ ಕಾಲದ ಅಂಕೆಗಳಿಂದ ಆ ಓರೆಯನ್ನು ತೆಗೆದುಹಾಕುತ್ತಾರೆ. ಸೇರಿಗೆ ಛಟಾಕು ಹೆಚ್ಚು ತೋರಿಸುವ ತಕ್ಕಡಿಯನ್ನು ಅಂಗಡಿಯವನು ಮನಸ್ಸಿನಲ್ಲಿಯೇ ತಿದ್ದಿಕೊಂಡು ತೂಗಬಹುದಷ್ಟೆ. ಆದರೆ ತೂಕ ಹೆಚ್ಚಿದಂತೆ ತಕ್ಕಡಿಯ ಓರೆಯೂ ಬದಲಾಗುವುದಾದರೆ ಆ ತಿದ್ದುಪಾಟು ಎಲ್ಲಿಯವರೆಗೆ ನಿಲ್ಲುವುದು? ಕಾದ ಭೂಮಿಯಲ್ಲಿ ಮಾದರಿಯ ಓರೆ ಹಿಂದಿನಂತೆಯೇ ಇರುವುದೆಂಬುದು ಒಂದು ಊಹೆ. ಊಹೆಯಿಲ್ಲದೆ ನಡೆಯಲು ಬೇರೆ ದಾರಿಯಿಲ್ಲವಾದರೂ ಅದನ್ನು ಊಹೆಯೆಂದೇ ಕರೆಯುವುದು ಪ್ರಾಮಾಣಿಕತೆ.

ಹವಾಗುಣದ ಅಂಕೆ ಕೈಗೆ ಬಂದ ಮೇಲೆ ಅದನ್ನು ಬೆಳೆಯ ಮಾದರಿಗೆ ಉಣಿಸಬೇಕು. ಬೆಳೆಯ ಮಾದರಿಯೂ ಲೆಕ್ಕವೇ. ದಿನದಿನದ ಬಿಸಿಲು, ಉಷ್ಣತೆ, ಮಳೆಗಳನ್ನು ಕೊಟ್ಟರೆ ಪೈರು ಎಷ್ಟು ದಿನಕ್ಕೆ ತೆನೆಗಟ್ಟುವುದು, ಎಷ್ಟು ಕಾಳು ತುಂಬುವುದು ಎಂದು ಹೇಳುತ್ತದೆ. ದಿಲ್ಲಿಯ ಕೃಷಿ ಸಂಶೋಧನ ಸಂಸ್ಥೆಯಲ್ಲಿ ರೂಪಿಸಿದ ಇನ್ಫೊಕ್ರಾಪ್ ಎಂಬುದು ಇಂಥದು. ಪ್ರೆಸಿಸ್ ಮಾದರಿಯನ್ನೂ ಇದನ್ನೂ ಜೋಡಿಸಿ ಭಾರತ ಸರ್ಕಾರವು 2010ರಲ್ಲಿ ಒಂದು ವರದಿ ಹೊರಡಿಸಿತು. ಹಿಮಾಲಯ, ಪಶ್ಚಿಮ ಘಟ್ಟ, ಕರಾವಳಿ, ಈಶಾನ್ಯ ಪ್ರಾಂತ, ಈ ನಾಲ್ಕರಲ್ಲಿ 2030ರ ದಶಕ ಹೇಗಿದ್ದೀತೆಂಬುದು ಅದರ ವಿಷಯ. ಪಶ್ಚಿಮ ಘಟ್ಟದ ಬಹುಭಾಗದಲ್ಲಿ ನೀರಾವರಿಯ ಬತ್ತವು ನೂರಕ್ಕೆ 4ರಷ್ಟು ಕುಗ್ಗಬಹುದು, ಮೆಕ್ಕೆಜೋಳ ಮತ್ತು ಜೋಳ 50ರವರೆಗೂ ಕುಗ್ಗಬಹುದು, ತೆಂಗು 30ರವರೆಗೆ ಹೆಚ್ಚಬಹುದು ಎಂದು ಅದರಲ್ಲಿ ಬರೆದಿದೆ.

ಒಂದೇ ಹವೆಯಲ್ಲಿ ಒಂದು ಬೆಳೆ ಇಳಿದು ಮತ್ತೊಂದು ಏರುವುದೇಕೆ? ಗಿಡಗಳಿಗೆ ಇಂಗಾಲಾಮ್ಲವೇ ಆಹಾರ. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 280ರಷ್ಟಿದ್ದ ಅದು ಈಗ 420ನ್ನು ದಾಟಿದೆ. ತೆಂಗು, ಬತ್ತ, ಕಾಫಿ ಮುಂತಾದುವಕ್ಕೆ ಈ ಹೆಚ್ಚಳದಿಂದ ಲಾಭವುಂಟು. ಮೆಕ್ಕೆಜೋಳ, ಜೋಳಗಳ ಎಲೆಗಳಲ್ಲಿ ಆಹಾರ ಕೂಡಿಸಿಕೊಳ್ಳುವ ರೀತಿಯೇ ಬೇರೆ. ಅವಕ್ಕೆ ಇದ್ದುದೇ ಸಾಕಾಗಿತ್ತು, ಹೆಚ್ಚಿನದರಿಂದ ಬಂದ ಲಾಭ ಅತ್ಯಲ್ಪ, ಸೆಕೆಯ ನಷ್ಟ ಮಾತ್ರ ಪೂರ್ತಿ. ತೆಂಗಿನ 30ನ್ನು ಕೇಳಿ ಹಿಗ್ಗುವವರು ಮಾತ್ರ ಒಂದನ್ನು ನೆನಪಿಡಬೇಕು. ಆ ಲೆಕ್ಕದಲ್ಲಿ ನುಸಿಯಿಲ್ಲ, ರೋಗವಿಲ್ಲ, ಬಾವಿ ಬತ್ತುವುದಿಲ್ಲ. ಕಾಫಿಯ ಬಿಳಿ ಕಾಂಡಕೊರಕವು ನೆರಳು ಕಡಮೆಯಾಗಿ ಸೆಕೆ ಹೆಚ್ಚಿದ ತೋಟಗಳಲ್ಲಿಯೇ ಬಲಿಯುವುದೆಂದು ಎಲ್ಲ ತೋಟಗಾರರಿಗೂ ಗೊತ್ತು. ಬೆಳೆಯ ಮಾದರಿಗೆ ಆ ಹುಳುವಿನ ಹೆಸರೇ ಗೊತ್ತಿಲ್ಲ.

ಮತ್ತೊಂದು ಬೆಟ್ಟಗಾಡನ್ನು ನೋಡಿದರೆ ಈ ವಿಚಾರ ಇನ್ನೂ ವಿಶದವಾಗುವುದು. ಹಿಮಾಚಲದ ಕೋಟಗಢದಲ್ಲಿ ಅಮೆರಿಕದಿಂದ ಬಂದು ನೆಲಸಿ ಮುಂದೆ ಸತ್ಯಾನಂದನೆಂಬ ಹೆಸರು ತಳೆದ ಸ್ಯಾಮ್ಯುಯೆಲ್ ಸ್ಟೋಕ್ಸನು 1916ರಲ್ಲಿ ಕೆಂಪು ಸೇಬಿನ ಸಸಿಗಳನ್ನು ನೆಟ್ಟನು. ಆ ನಾಡಿನ ಐಶ್ವರ್ಯ ಅಲ್ಲಿಂದ ಬೆಳೆಯಿತು. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ, ಹಳೆಯ ತಳಿಗಳಿಗೆ ಸಾವಿರದಷ್ಟು ಗಂಟೆ ತಾಗಬೇಕು. ಇಲ್ಲವಾದರೆ ವಸಂತದಲ್ಲಿ ಹೂವು ಸರಿಯಾಗಿ ಬಿಡದು. ಹಿಂದೂಕುಶ ಹಿಮಾಲಯದ ಉಷ್ಣತೆ 1951ರಿಂದ 2014ರವರೆಗೆ ಸುಮಾರು 1.3 ಡಿಗ್ರಿ ಏರಿತು. ಕುಲ್ಲು ಕಣಿವೆಯ ತಗ್ಗಿನಲ್ಲಿ ಸೇಬು ಸೋತು ದಾಳಿಂಬೆ, ತರಕಾರಿಗಳು ಬಂದುವು. ಪೂರ್ವದಲ್ಲಿ ಸೇಬಿನ ಮಾತೇ ಇಲ್ಲದ ಲಾಹುಲ ಸೀಮೆಯಲ್ಲಿ ಈಗ ಸೇಬು ಬೆಳೆಯುತ್ತಾರೆ.

ಹಾಗಾದರೆ ಮುಂದೆ ಎಷ್ಟು ಎತ್ತರಕ್ಕೆ ಏರಬೇಕು? ಮಾದರಿಯನ್ನು ಕೇಳಿದರೆ ಅದರ ಒಂದೇ ಚೌಕದಲ್ಲಿ 1,100 ಮೀಟರಿನ ಭುಂತರವೂ ಸುಮಾರು 4,000 ಮೀಟರಿನ ರೋಹತಾಂಗ ಕಣಿವೆಯೂ ಹೆಚ್ಚುಕಡಮೆ ಅಡಕವಾಗಿರುತ್ತವೆ. ಮಲೆನಾಡಿಗೆ ಹೇಳಿದ ಎತ್ತರದ ತಿದ್ದುಪಾಟು ಇಲ್ಲಿ ಕೈಕೊಡುವುದೂ ಉಂಟು. ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಭಾರವಾಗಿ ಬೆಟ್ಟದಿಂದ ಜಾರಿ ಕಣಿವೆಯ ತಳದಲ್ಲಿ ನೀರಿನಂತೆ ನಿಲ್ಲುವುದು. ಆಗ ತಗ್ಗೇ ತಂಪು, ಎತ್ತರವೇ ಬೆಚ್ಚಗೆ! ಸೇಬಿಗೆ ಬೇಕಾದ ಚಳಿಯ ಗಂಟೆಗಳೂ ಹೂವನ್ನು ಸುಡುವ ಇಬ್ಬನಿಯೂ ಇಂಥ ರಾತ್ರಿಗಳಲ್ಲಿಯೇ ಬರುವುವು. ಕಣಿವೆಯನ್ನೇ ಕಾಣದ ಮಾದರಿಗೆ ಕಣಿವೆಯ ಚಳಿ ಎಲ್ಲಿಯದು? ಹಿಮಾಲಯದ ಮೇಲ್ಭಾಗದಲ್ಲಿ ಹವೆಯನ್ನು ಅಳೆಯುವ ಠಾಣ್ಯಗಳೂ ವಿರಳ. ಇರುವುವು ಬಹುತೇಕ ಕಣಿವೆಯ ಊರುಗಳಲ್ಲಿವೆ. ಓರೆಯನ್ನು ತಿದ್ದಲು ತಾಳೆನೋಡುವ ಕಲ್ಲೇ ಇಲ್ಲದೆಡೆಯಲ್ಲಿ ತಿದ್ದುವುದು ಹೇಗೆ?

ಚೌಕವನ್ನೇ ಇನ್ನೂ ಚಿಕ್ಕದು ಮಾಡಿದರಾಗದೇ ಎಂಬುದು ಸಹಜವಾದ ಪ್ರಶ್ನೆ. ಮಾಡುತ್ತಿದ್ದಾರೆ. ಐರೋಪ್ಯರು ಆಲ್ಪ್ಸ್ ಪರ್ವತಗಳ ಮೇಲೆ ಸುಮಾರು 3 ಕಿಲೋಮೀಟರಿನ ಚೌಕಗಳ ಮಾದರಿಗಳನ್ನು ಹಲವರು ಕೂಡಿ ಓಡಿಸಿದ್ದಾರೆ. ಅಲ್ಲಿ ಗುಡುಗಿನ ಮೋಡವನ್ನು ಅಂದಾಜಿಗೆ ಬಿಡದೆ ಗುಣಿಸಿಯೇ ತೆಗೆಯುತ್ತಾರೆ, ಗಂಟೆಗಂಟೆಯ ಬಿರುಮಳೆ ನಿಜಕ್ಕೆ ಹತ್ತಿರವಾಗಿ ಬರುತ್ತದೆ. ವೆಚ್ಚವನ್ನು ಮಾತ್ರ ನೋಡಬೇಕು. ಚೌಕದ ಮಗ್ಗುಲನ್ನು ಅರ್ಧ ಮಾಡಿದರೆ ಚೌಕಗಳು ನಾಲ್ಕರಷ್ಟಾದುವು, ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗುವುದರಿಂದ ಲೆಕ್ಕ ಎಂಟರಷ್ಟಾಯಿತು. ಐವತ್ತರಿಂದ ಮೂರಕ್ಕೆ ಇಳಿಯಲು ನಾಲ್ಕು ಸಲ ಅರ್ಧಿಸಬೇಕು: ಎಂಟನ್ನು ಎಂಟರಿಂದ ಹಾಗೆಯೇ ಗುಣಿಸುತ್ತಾ ಹೋದರೆ 4,096 ಪಾಲು ಹೆಚ್ಚಿನ ಕೆಲಸ. 2024ರಲ್ಲಿ ಪುಣೆಯ ಸಂಸ್ಥೆಗೆ ಅರ್ಕವೆಂಬ ಮಹಾಗಣಕಯಂತ್ರ ಬಂದಿತು. ಹವೆಯನ್ನು ಗುಣಿಸುವ ಯಂತ್ರಕ್ಕೆ ಸೂರ್ಯನ ಹೆಸರಿಟ್ಟುದು ಒಪ್ಪಿತವೇ ಸರಿ. 2018ರ ಆಗಸ್ಟಿನಲ್ಲಿ, ಆಶ್ಲೇಷೆಯ ಕೊನೆಗೆ ಕೊಡಗಿನ ಮೇಲೆ ಬಿದ್ದ ಮಳೆಗೆ ಗುಡ್ಡಗಳು ಜಾರಿ ತೋಟಗಳು ಬುಡಸಹಿತ ಕೆಳಗಿಳಿದುವು. ಜಾರದ ತೋಟಗಳಲ್ಲಿ ಕಾಫಿಯ ಕಾಯಿ ಉದುರಿತು, ಮೆಣಸಿನ ಬಳ್ಳಿ ಕೊಳೆಯಿತು. ಅಂಥ ಮಳೆ ಮುಂದೆ ಎಷ್ಟು ವರ್ಷಕ್ಕೊಮ್ಮೆ ಬಂದೀತೆಂಬುದಕ್ಕೆ 50 ಕಿಲೋಮೀಟರಿನ ಚೌಕದಿಂದ ಉತ್ತರ ಕೇಳುವುದು ವ್ಯರ್ಥ.

ಇಷ್ಟೆಲ್ಲ ಕೇಳಿ, ಹಾಗಾದರೆ ಈ ಗಣಿತವೇ ನಿಷ್ಪ್ರಯೋಜಕವೆಂದು ಯಾರಾದರೂ ಎದ್ದುಹೋದರೆ ಅದು ದೊಡ್ಡ ತಪ್ಪು. ಮಾದರಿಗಳು ಒಂದಕ್ಕೊಂದು ಒಪ್ಪುವ ಸಂಗತಿಗಳುಂಟು, ಒಪ್ಪದ ಸಂಗತಿಗಳುಂಟು. ಎರಡನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ಉಷ್ಣತೆ ಏರುವುದೆಂಬುದರಲ್ಲಿ ಎಲ್ಲ ಮಾದರಿಗಳೂ ಏಕಕಂಠ. ಬಿರುಮಳೆ ಬಂದಾಗ ಇನ್ನೂ ಬಿರುಸಾಗುವುದೆಂಬುದರಲ್ಲಿಯೂ ಬಹುಮಟ್ಟಿಗೆ ಒಮ್ಮತ. ಮುಂಗಾರಿನ ಒಟ್ಟು ಮೊತ್ತ ಘಟ್ಟದ ಇಂಥ ತಾಲ್ಲೂಕಿನಲ್ಲಿ ಎಷ್ಟಾಗುವುದೆಂಬುದರಲ್ಲಿ ಭಿನ್ನಾಭಿಪ್ರಾಯ ಹೇರಳ. ಆದಕಾರಣ, ಅರೇಬಿಕದ ಕೆಳಗಣ ಅಂಚಿನಲ್ಲಿ, 1,000 ಮೀಟರಿನ ಆಸುಪಾಸಿನಲ್ಲಿ ಹೊಸ ಗಿಡ ಹಾಕಬೇಕೆಂದಿರುವವನು ಸೆಕೆಯ ಮಾತನ್ನು ನಂಬಿ ನೆರಳಿನ ಮರಗಳನ್ನು ಉಳಿಸಿಕೊಳ್ಳುವುದೋ, ರೊಬಸ್ಟಕ್ಕೆ ತಿರುಗುವುದೋ ಎಂದು ಯೋಚಿಸುವುದು ಯುಕ್ತ. ಬೇಸಗೆಯ ಹೂಮಳೆಗೆ ಕೆರೆಯ ನೀರನ್ನು ತುಂತುರಾಗಿ ಹಾಯಿಸುವ ಏರ್ಪಾಡನ್ನು ರೊಬಸ್ಟ ಬೆಳೆಗಾರರು ಈಗಾಗಲೇ ಮಾಡಿಕೊಂಡಿದ್ದಾರೆ. ಮಳೆಯ ಮೊತ್ತದ ಒಂದು ಅಂಕೆಯನ್ನು ನಂಬಿ ಅಡಕೆಯ ತೋಟವನ್ನು ತೆಗೆಸುವುದು ಮಾತ್ರ ಯುಕ್ತವಲ್ಲ. ಒಂದೇ ಮಾದರಿಯ ಒಂದೇ ಅಂಕೆಯನ್ನು ಶಿಲಾಶಾಸನದಂತೆ ಎತ್ತಿ ಹಿಡಿದು ಸಸಿ ಮಾರಲು ಬರುವ ವ್ಯಾಪಾರಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಮಾದರಿಗೆ ಬೇಕಾದ ತಾಳೆಯ ಕಲ್ಲು ಮಲೆನಾಡಿನ ಮನೆಗಳಲ್ಲಿಯೇ ಉಂಟು ಎಂಬುದನ್ನು ಹೇಳದೆ ಈ ವಿಚಾರವನ್ನು ಮುಗಿಸುವಂತಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ದಿನವೂ ಬೆಳಗ್ಗೆ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಭದ್ರಾತೀರದ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರ 1925ರಲ್ಲಿ ಸ್ಥಾಪಿಸಿದ ಕಾಫಿ ಸಂಶೋಧನ ಠಾಣ್ಯಕ್ಕೆ 2025ಕ್ಕೆ ನೂರು ತುಂಬಿತು. ಬರಗಾಲವನ್ನು ಗಮನಿಸಲು 1988ರಲ್ಲಿ ಹುಟ್ಟಿದ ಕರ್ನಾಟಕದ ಕೇಂದ್ರವೊಂದು ಈಗ ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ತಾನೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ಅವುಗಳ ಸಂಖ್ಯೆ 6,000ಕ್ಕೂ ಮಿಕ್ಕಿದೆ. ಐವತ್ತು ಕಿಲೋಮೀಟರಿನ ಚೌಕದೊಳಗೆ ಏನು ನಡೆಯುತ್ತದೆಂಬುದನ್ನು ಬಲ್ಲುವು ಈ ಮಾಪಕಗಳು ಮತ್ತು ಆ ಹಳೆಯ ಪುಸ್ತಕಗಳು. ಮಾಪಕದ ಲೆಕ್ಕ ಯಂತ್ರದಲ್ಲಿ ತಾನಾಗಿ ಉಳಿಯುತ್ತದೆ. ಅಟ್ಟದ ಮೇಲಿನ ಪುಸ್ತಕ ಹಾಗಲ್ಲ. ಗೆದ್ದಲಿಗೆ ಹೋದ ವರ್ಷದ ಮಳೆಯನ್ನು ಯಾವ ಮಹಾಗಣಕವೂ ಮರಳಿ ಗುಣಿಸಿ ಕೊಡಲಾರದು. ತಾತನ ಕಾಲದ ಮಳೆಪುಸ್ತಕ ಮನೆಯಲ್ಲಿರುವವರು ಅದರ ಒಂದು ಪ್ರತಿಯನ್ನು ಬಾಳೆಹೊನ್ನೂರಿಗೋ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಮುಟ್ಟಿಸಬಹುದು; ಬರೆಯುವುದನ್ನು ನಿಲ್ಲಿಸಿರುವವರು ಬರುವ ಅಶ್ವಿನಿಯ ಮಳೆಯಿಂದ ಮತ್ತೆ ಬರೆಯತೊಡಗಬಹುದು.